ಭಾರದ ಮಿಗ್ ವೆಲ್ಡಿಂಗ್ ಮೆಷಿನ್‌ಗೆ ಗಟ್ಟಿ ಟ್ರಾಲಿ ಮಾಡುವ ಬಗೆ

400 ಆಂಪ್‌ನ ಟ್ರಾನ್ಸ್‌ಫಾರ್ಮರ್ ಮಿಗ್ (ವೈರನ್ನು ತಾನೇ ಊಡಿಸಿ, ಗ್ಯಾಸ್ ಹೊದಿಕೆಯಲ್ಲಿ ಬೆಸೆಯುವ) ಮೆಷಿನ್‌ನ ಅಡಿಯ ಸಣ್ಣ ಗಾಲಿಗಳು ನುಣುಪು ನೆಲಕ್ಕಷ್ಟೇ ಸರಿ. ಅದರ ಜೊತೆ ಸಿಒ2 ಸಿಲಿಂಡರ್, ವೈರ್ ಫೀಡರ್ (ವೈರ್ ನೂಕುವ ಪೆಟ್ಟಿಗೆ), ಕೇಬಲ್ ಎಲ್ಲ ಒಟ್ಟಿಗೆ ಓಡಾಡಬೇಕಾದರೆ ಬೇರೆ ಟ್ರಾಲಿಯೇ ಬೇಕು. ಇಲ್ಲಿನ ಅಳತೆ 600 × 450 ಮಿ.ಮೀ. ತಳದ ಮೆಷಿನ್‌ಗೆ. ನಿಮ್ಮದನ್ನು ಅಳೆದು ಹೊಂದಿಸಿಕೊಳ್ಳಿ.

ಮೊದಲು ತೂಕ. ಮೆಷಿನ್ 160 ಕೆಜಿ, ತುಂಬಿದ ಸಿಲಿಂಡರ್ 80, ಫೀಡರ್ ಮತ್ತು ವೈರ್ ಸುರುಳಿ 30, ಕೇಬಲ್ 20, ಟ್ರಾಲಿಯೇ 40: ಒಟ್ಟು 330 ಕೆಜಿ. ಇದನ್ನು ನಾಲ್ಕರಿಂದ ಭಾಗಿಸಬೇಡಿ. ಏರುತಗ್ಗಿನ ನೆಲದಲ್ಲಿ ಒಂದು ಗಾಲಿ ಸದಾ ಗಾಳಿಯಲ್ಲಿರುತ್ತದೆ, ಭಾರ ಹೊರುವುದು ಮೂರೇ. ಹಾಗಾಗಿ ಗಾಲಿಗೆ 110 ಕೆಜಿ. ಹೊಸ್ತಿಲು ದಾಟುವಾಗಿನ ಹೊಡೆತಕ್ಕೆ ಅದರ ಅರ್ಧ ಸೇರಿಸಿದರೆ 165. ತಲಾ 200 ಕೆಜಿ ಹೊರುವ 6 ಇಂಚಿನ ಗಾಲಿ ಕೊಳ್ಳಿ. ಎರಡು ನೇರ ಓಡುವಂಥವು, ಎರಡು ತಿರುಗುವ, ಬ್ರೇಕ್ ಇರುವಂಥವು. ರಬ್ಬರ್ ಗಾಲಿ ಬೇಡ. ಲೇತ್‌ನ ಲೋಹದ ಚೂರು ಅದರೊಳಗೆ ಹೊಕ್ಕು ಕೂರುತ್ತದೆ, ಬಿಸಿ ಕಿಡಿ ಬಿದ್ದಲ್ಲಿ ಸುಡುತ್ತದೆ. ಸಿಮೆಂಟ್ ನೆಲಕ್ಕೆ ನೈಲಾನ್ ಒಳ್ಳೆಯದು. ಎರಕದ ಕಬ್ಬಿಣದ ಗಾಲಿ ಕಿಡಿಗೆ ಹೆದರದು, ಆದರೆ ಅದರ ಸದ್ದು, ಅದುರುವಿಕೆ ಎರಡೂ ಜಾಸ್ತಿ.

40 × 40 × 3 ಮಿ.ಮೀ. ಸ್ಕ್ವೇರ್ ಪೈಪ್ 6 ಮೀಟರಿನ ಒಂದೇ ಉದ್ದ ಸಾಕು. ಉದ್ದ ಪಟ್ಟಿಗೆ 1100ರ ಎರಡು, ಅಡ್ಡಕ್ಕೆ 470ರ ಮೂರು, ಸಿಲಿಂಡರ್ ಕಂಬಕ್ಕೆ 850ರ ಎರಡು, ಕಂಬಗಳ ನಡುವಿಗೆ 300ರ ಎರಡು. ಒಟ್ಟು 5910 ಮಿ.ಮೀ. ಬ್ಲೇಡ್ ತಿನ್ನುವುದು ಸೇರಿದರೂ 6 ಮೀಟರಿನೊಳಗೆ ಮುಗಿಯುತ್ತದೆ, ಆದರೆ ಒಂದು ತುಂಡು ತಪ್ಪಿದರೂ ಹೊಸ ಪೈಪ್ ಕೊಳ್ಳಬೇಕು. ಜಿಐ ಪೈಪ್ ಸಿಕ್ಕಿದ್ದರೆ ಬೆಸುಗೆಯ ಜಾಗದಲ್ಲಿ ಸತುವಿನ ಲೇಪ ಉಜ್ಜಿ ತೆಗೆಯಿರಿ, ಅದರ ಹೊಗೆ ಜ್ವರ ತರಿಸುತ್ತದೆ.

ಫ್ರೇಮಿನ ಹೊರ ಅಳತೆ 1100 × 550. ಮೊದಲ ಅಡ್ಡ ಪೈಪ್ ಮುಂತುದಿಯಲ್ಲಿ. ಎರಡನೆಯದು ಮೆಷಿನ್‌ನ ಹಿಂಪಾದದ ಕೆಳಗೇ ಬರಬೇಕು, ಇಲ್ಲವಾದರೆ ಮೆಷಿನ್ ಉದ್ದ ಪೈಪುಗಳ ನಡುವೆ ಜೋತು ಬೀಳುತ್ತದೆ. ಮೂರನೆಯದು ಮುಂದಿನಿಂದ 760ಕ್ಕೆ. ಹಿಂಬದಿ ತೆರೆದೇ ಇರಲಿ, ಸಿಲಿಂಡರ್ ಒಳಗೆ ಬರುವುದು ಅಲ್ಲಿಂದ. ಹಾಗಾಗಿ ಆ ತುದಿ ಬೆಸುಗೆಯ ಬಿಸಿಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮೊದಲೇ ಅಲ್ಲಿಗೊಂದು ತಾತ್ಕಾಲಿಕ ಪಟ್ಟಿ ಟ್ಯಾಕ್ ಮಾಡಿ (ಚುಕ್ಕೆ ಬೆಸುಗೆಯಿಂದ ಹಿಡಿಸಿ), ಎಲ್ಲ ಮುಗಿದು ಕಬ್ಬಿಣ ಆರಿದ ಮೇಲೆ ಕತ್ತರಿಸಿ ತೆಗೆಯಿರಿ. ಟ್ಯಾಕ್ ಹಂತದಲ್ಲಿ ಮೂಲೆಯಿಂದ ಎದುರು ಮೂಲೆಗೆ (ಕರ್ಣ) ಎರಡೂ ಕಡೆ 1230 ಬರಬೇಕು. 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಲ್ಲೇ ತಟ್ಟಿ ಸರಿಮಾಡಿ. ಆಮೇಲೆ ಎದುರುಬದುರು ಮೂಲೆಗಳಿಗೆ ಸರದಿಯಲ್ಲಿ ಬೆಸುಗೆ ಹಾಕಿ. 2.5 ಮಿ.ಮೀ. 6013 ವೆಲ್ಡಿಂಗ್ ರಾಡ್‌ಗೆ 70–80 ಆಂಪ್ ಸಾಕು, ಏರಿಸಿದರೆ ಮೂಲೆಯಲ್ಲಿ ಪೈಪ್ ತೂತು ಬೀಳುತ್ತದೆ.

ಗಾಲಿಯನ್ನು ಫ್ರೇಮಿಗೆ ನೇರ ಬೆಸೆಯಬೇಡಿ. ಬಿಸಿಗೆ ಗ್ರೀಸ್ ಕರಗಿ ಹೋಗುತ್ತದೆ. ವೆಲ್ಡಿಂಗ್‌ನ ಅರ್ಥ್ (ರಿಟರ್ನ್) ಕ್ಲ್ಯಾಂಪ್ ಆಚೆ ತುದಿಯಲ್ಲಿದ್ದರೆ ಕರೆಂಟ್ ಬೇರಿಂಗ್ ಗುಂಡುಗಳ ಮೂಲಕ ಹಾದು ಅವುಗಳ ಮೇಲೆ ಚುಕ್ಕೆ ಕೊರೆಯುತ್ತದೆ. 6 ಮಿ.ಮೀ. ಪ್ಲೇಟ್ ಬೆಸೆದು, ಆರಿದ ಮೇಲೆ ತೂತು ಕೊರೆದು, ಎಂ10 ಬೋಲ್ಟ್ ಮತ್ತು ನೈಲಾಕ್ (ಸುಲಭಕ್ಕೆ ಸಡಿಲವಾಗದ) ನಟ್ ಹಾಕಿ. ನೇರ ಗಾಲಿ ಸಿಲಿಂಡರ್ ಕಡೆ, ತಿರುಗುವವು ಮುಂದೆ, ಹ್ಯಾಂಡಲ್ ಕಡೆ. ತಿರುಗುವ ಗಾಲಿಯನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ, ಎಲ್ಲೂ ತಾಗಬಾರದು.

ಈ ಕೆಲಸದಲ್ಲಿ ಹೆಚ್ಚು ಯೋಚಿಸಬೇಕಾದದ್ದು ಸಿಲಿಂಡರ್ ಜಾಗವನ್ನು. 6 ಇಂಚಿನ ಗಾಲಿಯ ಮೇಲೆ ಫ್ರೇಮ್ ನೆಲದಿಂದ ಸುಮಾರು 235 ಮಿ.ಮೀ. ಎತ್ತರಕ್ಕೆ ಬರುತ್ತದೆ. 80 ಕೆಜಿ ಸಿಲಿಂಡರನ್ನು ಅಷ್ಟು ಎತ್ತುವುದು ಬೆನ್ನಿಗೂ ಬೆರಳಿಗೂ ಅಪಾಯ. ಆದ್ದರಿಂದ ಹಿಂದಿನ ಗಾಲಿಗಳ ನಡುವೆ 6 ಮಿ.ಮೀ. ತಟ್ಟೆಯನ್ನು ಕಬ್ಬಿಣದ ಪಟ್ಟಿಗಳಿಂದ ಕೆಳಕ್ಕೆ ತೂಗುಹಾಕಿ, ಅದರ ಮೇಲ್ಮೈ ನೆಲದಿಂದ 70 ಮಿ.ಮೀ. ಇರಲಿ. ಪಕ್ಕದ ಪಟ್ಟಿಗಳನ್ನು ಗಾಲಿ ಪ್ಲೇಟುಗಳ ಒಳ ಅಂಚಿಗೆ, ಮುಂದಿನೆರಡನ್ನು ಮೂರನೆಯ ಅಡ್ಡ ಪೈಪಿಗೆ ಬೆಸೆಯಿರಿ. ಹಿಂದಿನ ಅಂಚಿಗೆ 10 ಮಿ.ಮೀ. ಸರಳು ಬೆಸೆದರೆ ಸಿಲಿಂಡರ್ ಜಾರುವುದಿಲ್ಲ. ಎರಡು ಕಂಬಗಳೂ ಮೂರನೆಯ ಅಡ್ಡ ಪೈಪಿನ ಮೇಲೆ ನಿಲ್ಲಲಿ. ಚೈನ್ ಎರಡು ಬೇಕು, ನೆಲದಿಂದ 500 ಮತ್ತು 1000 ಮಿ.ಮೀ.ಗೆ. ಒಂದೇ ಚೈನ್ ಇದ್ದರೆ ತಿರುವಿನಲ್ಲಿ ಸಿಲಿಂಡರ್ ಅದನ್ನೇ ಆಧಾರ ಮಾಡಿಕೊಂಡು ಹೊರಳುತ್ತದೆ. ಮೆಷಿನ್‌ಗೂ ಸಿಲಿಂಡರ್‌ಗೂ ನಡುವೆ ಉಳಿಯುವ 200 ಮಿ.ಮೀ. ಫ್ಯಾನ್ ಗಾಳಿಗೆ. ಅಲ್ಲಿ ಪೆಟ್ಟಿಗೆ ಇಡಬೇಡಿ.

ಹ್ಯಾಂಡಲ್‌ಗೆ 1 ಇಂಚಿನ ದುಂಡು ಪೈಪ್, ನೆಲದಿಂದ 950 ಮಿ.ಮೀ. ಎತ್ತರ. ಕೇಬಲ್‌ಗೆ ಎರಡು ಕೊಕ್ಕೆ. ಕೆಲಸ ಮಾಡುವಾಗ ಕೇಬಲನ್ನು ಪೂರ್ತಿ ಬಿಚ್ಚಿ, ಸುರುಳಿಯಲ್ಲೇ ಬಿಟ್ಟರೆ ಬಿಸಿಯಾಗುತ್ತದೆ. ರೆಡ್ ಆಕ್ಸೈಡ್ ಬಳಿಯುವಾಗ ಅರ್ಥಿಂಗ್ ಬೋಲ್ಟ್ ಕೂರುವ ಜಾಗಕ್ಕೆ ಬಣ್ಣ ತಾಗದಿರಲಿ. ನೈಲಾನ್ ಗಾಲಿಯ ಟ್ರಾಲಿಗೆ ನೆಲದ ಸಂಪರ್ಕವಿರುವುದಿಲ್ಲ. ಸಪ್ಲೈ ಕೇಬಲ್‌ನ ಅರ್ಥ್ ತಂತಿ ಮೆಷಿನ್‌ಗೆ ಸೇರಿರಬೇಕು, ಅಲ್ಲಿಂದ ಫ್ರೇಮಿನ ಆ ಬೋಲ್ಟಿಗೊಂದು ತಂತಿ. ವೆಲ್ಡಿಂಗ್‌ನ ರಿಟರ್ನ್ ಕ್ಲ್ಯಾಂಪನ್ನು ಟ್ರಾಲಿಗೆ ಎಂದೂ ಸಿಕ್ಕಿಸಬೇಡಿ, ಅದು ಕೆಲಸದ ತುಂಡಿಗೇ ಹೋಗಬೇಕು.

ಮೆಷಿನನ್ನು ಅದರ ಐಬೋಲ್ಟ್‌ಗೆ (ಎತ್ತಲು ಇರುವ ಬಳೆ) ಚೈನ್ ಬ್ಲಾಕ್ (ಸರಪಳಿ ರಾಟೆ) ಸಿಕ್ಕಿಸಿ ಇಳಿಸಿ, ತಳದ ತೂತುಗಳಿಗೆ ಬೋಲ್ಟ್ ಬಿಗಿಯಿರಿ. ಆಮೇಲೆ ಸಿಲಿಂಡರ್. ಯಾವುದಾದರೂ ಗಾಲಿ ನೆಲ ಮುಟ್ಟದಿದ್ದರೆ ಅದರ ಪ್ಲೇಟಿನಡಿ ವಾಷರ್ ಕೊಡಿ. ವಾರ ಓಡಾಡಿಸಿದ ಮೇಲೆ ಗಾಲಿಯ ಹದಿನಾರೂ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿ.