ಆಪ್ಷನ್ ಎಂಟ್ರಿ: ನಾನು ಮಕ್ಕಳ ಹತ್ತಿರ ಲಿಸ್ಟ್ ಮಾಡಿಸುವ ರೀತಿ

ಸಿಇಟಿ ರ‍್ಯಾಂಕ್ ಬಂತು ಅಂದರೆ ನಮ್ಮ ಪಿಯು ಕಾಲೇಜಿನ ಸ್ಟಾಫ್ ರೂಮಿಗೆ ಬರುವವರೆಲ್ಲ ಕೇಳುವುದು ಒಂದೇ. "ಸರ್, ಈ ರ‍್ಯಾಂಕಿಗೆ ಯಾವ ಕಾಲೇಜು ಸಿಗುತ್ತೆ?" ನಾನು ಫಿಸಿಕ್ಸ್ ಮೇಷ್ಟ್ರು. ಆದರೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆನ್‌ಲೈನಿನಲ್ಲಿ ಸಾಲಾಗಿ ತುಂಬುವ ಹೊತ್ತಿಗೆ ಮಕ್ಕಳ ಪಕ್ಕ ಕೂರುವ ಕೆಲಸ ಹೇಗೋ ನನ್ನ ಪಾಲಿಗೇ ಬಂದಿದೆ. ಆ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. "ಮೊದಲು ನಿಂಗೆ ಯಾವುದು ಬೇಕು ಅಂತ ಬರ್ಕೊಂಡು ಬಾ" ಎಂದು ಕಳಿಸುತ್ತೇನೆ. ರ‍್ಯಾಂಕ್ ನೋಡಿ ಆಸೆ ಪಡುವ ಅಗತ್ಯ ಈ ಪದ್ಧತಿಯಲ್ಲಿ ಇಲ್ಲವೇ ಇಲ್ಲ. ಇದು ಮಕ್ಕಳಿಗೆ ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ.

ಹೋದ ಸಲ ಒಬ್ಬ ಹುಡುಗಿ ತನಗೆ ಖಂಡಿತ ಸಿಗುವ ಕಾಲೇಜನ್ನು ಒಂದನೇ ಆಪ್ಷನ್ ಮಾಡಿ ತಂದಿದ್ದಳು. ಅವಳಿಗೆ ನಿಜವಾಗಿ ಬೇಕಿದ್ದ ಯುವಿಸಿಇ (ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು) ಆರನೆಯದು. "ಅದು ಸಿಗಲ್ಲ ಸರ್, ಸುಮ್ನೆ ಮೇಲೆ ಹಾಕಿ ಚಾನ್ಸ್ ಯಾಕೆ ಹಾಳು ಮಾಡ್ಕೊಳ್ಳೋದು?" ಅಂದಳು. ಬಹಳ ಮಂದಿ ಹೀಗೇ ಅಂದುಕೊಂಡಿದ್ದಾರೆ. ಆದರೆ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಂಪ್ಯೂಟರ್ ಒಂದನೇ ರ‍್ಯಾಂಕಿನಿಂದ ಸಾಲಾಗಿ ಬರುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಲಿಸ್ಟನ್ನು ಮೇಲಿನಿಂದ ಓದುತ್ತದೆ. ಒಂದನೆಯದು ಖಾಲಿ ಇಲ್ಲದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಮೇಲಿನ ಐದು ಸಿಗಲಿಲ್ಲ ಅಂತ ಆರನೆಯದಕ್ಕೆ ನಿಮ್ಮ ಹಕ್ಕು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಒಂದನೆಯದೇ ಸಿಕ್ಕಿಬಿಟ್ಟರೆ ಕೆಳಗಿನದನ್ನು ಅದು ತಿರುಗಿಯೂ ನೋಡುವುದಿಲ್ಲ. ಅಂದರೆ ಆ ಹುಡುಗಿಗೆ ಯುವಿಸಿಇ ಸೀಟು ಖಾಲಿ ಇದ್ದರೂ ಬರುತ್ತಿರಲಿಲ್ಲ.

ಹಾಗಾದರೆ ಹಿಂದಿನ ವರ್ಷದ ಕಟ್‌ಆಫ್ (ಕೊನೆಯ ಸೀಟು ಸಿಕ್ಕ ರ‍್ಯಾಂಕ್) ಯಾಕೆ ಬೇಕು? ಲಿಸ್ಟ್ ಎಲ್ಲಿಯವರೆಗೆ ಇಳಿಯಬೇಕು ಎಂದು ತಿಳಿಯಲು. ನಿಮ್ಮ ರ‍್ಯಾಂಕಿಗಿಂತ ಸಾಕಷ್ಟು ಆಚೆ ಮುಚ್ಚಿದ ಕಾಲೇಜುಗಳು ಕೆಳಗಡೆ ಒಂದಷ್ಟು ಇರಲೇಬೇಕು. ಆ ಕಟ್‌ಆಫ್ ಪಟ್ಟಿಯ ಕಾಲಂ ನೋಡುವುದರಲ್ಲೇ ಎಡವುತ್ತಾರೆ. 2ಎ ವರ್ಗದ, ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ ಹುಡುಗ ಜಿಎಂ (ಜನರಲ್ ಮೆರಿಟ್) ಕಾಲಂ ಒಂದನ್ನೇ ನೋಡಿ ಒಳ್ಳೆ ಕಾಲೇಜನ್ನು ಹೊಡೆದುಹಾಕಿರುತ್ತಾನೆ. ಅವನು 2ಎಜಿ (2ಎ ಸಾಮಾನ್ಯ), 2ಎಆರ್ (2ಎ ಗ್ರಾಮೀಣ), ಜಿಎಂಆರ್ (ಜನರಲ್ ಮೆರಿಟ್ ಗ್ರಾಮೀಣ) ಎಲ್ಲವನ್ನೂ ನೋಡಬೇಕು. ಹತ್ತನೆಯವರೆಗೆ ಕನ್ನಡ ಮಾಧ್ಯಮವಾದರೆ 'ಕೆ' ಇರುವ ಕಾಲಂಗಳೂ ಸೇರುತ್ತವೆ. ನಾನು ಸ್ಕೇಲ್ ಇಟ್ಟು ಒಂದೊಂದು ಸಾಲನ್ನೂ ಓದಿಸುತ್ತೇನೆ. ಪಿಡಿಎಫ್‌ನಲ್ಲಿ ಅಕ್ಷರ ಅಷ್ಟು ಸಣ್ಣ, ಕಣ್ಣು ಪಕ್ಕದ ಸಾಲಿಗೆ ಜಾರುತ್ತದೆ.

ಕೋರ್ಸ್ ವಿಷಯಕ್ಕೆ ಬಂದರೆ ಜಗಳ ಜಾಸ್ತಿ. ಅಪ್ಪನಿಗೆ ಕಂಪ್ಯೂಟರ್ ಸೈನ್ಸ್, ಮಾವನಿಗೆ ಎಐ, ಮಗುವಿಗೆ ಏನೂ ಗೊತ್ತಿಲ್ಲ. ನಾನು ವಾದ ಮಾಡುವುದಿಲ್ಲ. ವಿಟಿಯು (ರಾಜ್ಯದ ಇಂಜಿನಿಯರಿಂಗ್ ವಿಶ್ವವಿದ್ಯಾಲಯ) ವೆಬ್‌ಸೈಟಿನಿಂದ ಮೂರನೇ ಸೆಮಿಸ್ಟರ್ ಸಿಲಬಸ್ ತೆಗೆದು ಓದಿಸುತ್ತೇನೆ. 2022ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಎಐ-ಎಂಎಲ್ ಮೂರಕ್ಕೂ ಆಪರೇಟಿಂಗ್ ಸಿಸ್ಟಮ್ಸ್, ಡೇಟಾ ಸ್ಟ್ರಕ್ಚರ್ಸ್ ಇದ್ದೇ ಇದೆ. ಹೆಸರಿನಲ್ಲಿರುವಷ್ಟು ವ್ಯತ್ಯಾಸ ಪಾಠದಲ್ಲಿಲ್ಲ. ಇದನ್ನು ಕಣ್ಣಾರೆ ನೋಡಿದ ಮೇಲೆ, ಎಐ ಅಂತ ಬೋರ್ಡ್ ಹಾಕಿದ ಹೊಸ ಕಾಲೇಜಿಗಿಂತ ಹಳೇ ಕಾಲೇಜಿನ ಇನ್ಫರ್ಮೇಷನ್ ಸೈನ್ಸನ್ನು ಎಷ್ಟೋ ಮನೆಯವರು ಮೇಲಕ್ಕೆ ತಂದಿದ್ದಾರೆ. (ಸ್ವಾಯತ್ತ ಕಾಲೇಜುಗಳ ಸಿಲಬಸ್ ಬೇರೆ. ಅದನ್ನು ಆ ಕಾಲೇಜಿನ ಸೈಟಿನಲ್ಲೇ ನೋಡಬೇಕು.) ಬಯಾಲಜಿ ಓದಿದವರಿಗೆ ಇನ್ನೊಂದು ಮಾತು ಹೇಳುತ್ತೇನೆ. ಅದೇ ಸಿಇಟಿಯಲ್ಲಿ ಬಿಎಸ್ಸಿ ಅಗ್ರಿಗೂ ಬಿ ಫಾರ್ಮಾಗೂ ಬೇರೆ ಬೇರೆ ರ‍್ಯಾಂಕ್ ಬಂದಿರುತ್ತದೆ. ಎಷ್ಟೋ ಮಕ್ಕಳು ಅದನ್ನು ನೋಡಿರುವುದೇ ಇಲ್ಲ.

ಲಿಸ್ಟ್ ಆದ ಮೇಲೆ ಫೀಸು. ಪರದೆಯ ಮೇಲೆ ಪ್ರತಿ ಆಪ್ಷನ್ ಜೊತೆ ಫೀಸು ಕಾಣುತ್ತದೆ. ಒಂದೇ ಕ್ಯಾಂಪಸ್ಸಿನಲ್ಲಿ ಅನುದಾನಿತ ಸೀಟಿಗೆ ಒಂದು, ಖಾಸಗಿ ಸೀಟಿಗೆ ಇನ್ನೊಂದು ಇರಬಹುದು. ಅಪ್ಪ ಅಮ್ಮನ ಎದುರಿಗೇ ಓದಿ ಹೇಳುತ್ತೇನೆ. "ಇದು ಬಂದರೆ ಕಟ್ಟುತ್ತೀರಾ?" "ಇಲ್ಲ ಸರ್" ಅಂದರೆ ಆ ಸಾಲು ಡಿಲೀಟ್. ಬಂದರೂ ಸೇರದ ಸೀಟು ಲಿಸ್ಟಿನಲ್ಲಿ ಇರಬಾರದು. ಅದು ಬಂದರೆ ಅದರ ಕೆಳಗಿನದೆಲ್ಲ ಕೈತಪ್ಪುತ್ತದೆ.

ಅಣಕು ಹಂಚಿಕೆ, ಅಂದರೆ ಮಾಕ್ ಫಲಿತಾಂಶ ಬಂದಾಗ ಗಾಬರಿಯ ಫೋನುಗಳು ಶುರು. ಅದರಲ್ಲಿ ಬಂದದ್ದು ಸೀಟಲ್ಲ, ಬರೀ ಅಂದಾಜು. ಮಾಕ್ ನೋಡಿ ಮೇಲಿನ ಆಸೆಗಳನ್ನು ಅಳಿಸಬೇಡಿ, ಕೆಳಗೆ ಇನ್ನಷ್ಟು ಸೇರಿಸಿ ಎನ್ನುತ್ತೇನೆ. ಮಾಕ್‌ನಲ್ಲಿ ಯಾವ ಕಾಲೇಜೂ ಬಾರದವರಿಗಂತೂ ಇದು ಕಡ್ಡಾಯ.

ನಿಜವಾದ ಹಂಚಿಕೆ ಆದ ಮೇಲೆ ಚಾಯ್ಸ್ ಒತ್ತಬೇಕು. ಆ ವರ್ಷದ ಸೂಚನೆಯನ್ನು ಕನ್ನಡದಲ್ಲೇ ಓದಿಸಿ ಆಮೇಲೆ ಕೈ ಹಾಕಿಸುತ್ತೇನೆ. ಚಾಯ್ಸ್ 1 ಅಂದರೆ ಒಪ್ಪಿ ಸೇರುವುದು. ಚಾಯ್ಸ್ 2ರಲ್ಲಿ ಈ ಸೀಟು ಇಟ್ಟುಕೊಂಡೇ ಮೇಲಿನದಕ್ಕೆ ಕಾಯಬಹುದು. ಆದರೆ ಮೇಲಿನದು ಬಂದರೆ ಇದು ತಾನಾಗಿಯೇ ಹೋಗುತ್ತದೆ. ಹಾಗಾಗಿ ಚಾಯ್ಸ್ 2 ಎನ್ನುವವರ ಹತ್ತಿರ ಮೇಲಿನ ಸಾಲುಗಳನ್ನು ಮತ್ತೆ ಒಂದೊಂದಾಗಿ ಕೇಳುತ್ತೇನೆ. ಈಗಿನದಕ್ಕಿಂತ ಇದು ನಿಜವಾಗಲೂ ಬೇಕಾ? ಚಾಯ್ಸ್ 3 ಒತ್ತಿದರೆ ಬಂದ ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ನಿಂತಂತೆ. ಕಾಮೆಡ್‌-ಕೆ (ಖಾಸಗಿ ಕಾಲೇಜುಗಳ ಬೇರೆ ಪ್ರವೇಶ ಪರೀಕ್ಷೆ) ಸೀಟೋ ಇನ್ನೊಂದೋ ಆಗಲೇ ಕೈಯಲ್ಲಿರುವವರಿಗೆ ಬಿಟ್ಟರೆ ಬೇರೆ ಯಾರಿಗೂ ನಾನು ಅದನ್ನು ಒತ್ತಿಸುವುದಿಲ್ಲ.