ಕೋಲಾರದ ಕೆರೆ ಕಲಿಸಿದ ಕಡಲತೀರ

ನಮ್ಮ ಕೋಲಾರಕ್ಕೂ ಸಮುದ್ರಕ್ಕೂ ಎಲ್ಲಿಯ ನಂಟು? ಮರವಂತೆಗೆ ಒಮ್ಮೆ ಟೂರ್ ಹೋಗಿದ್ದು ಬಿಟ್ಟರೆ ನಾನು ಕಡಲು ಕಂಡವನಲ್ಲ. ಆದರೂ ಫ್ರ್ಯಾಕ್ಟಲ್ (ಎಷ್ಟು ಹತ್ತಿರದಿಂದ ನೋಡಿದರೂ ಅದೇ ಬಗೆಯ ಅಂಕುಡೊಂಕು ಕಾಣುವ ಆಕಾರ) ಬಳಸಿ ಕರಾವಳಿಯ ಅನಿಮೇಷನ್ ಮಾಡುವ ಹುಚ್ಚು ಹತ್ತಿತು.

ಶುರು ಮಾಡಿದ್ದು ಡೈಮಂಡ್-ಸ್ಕ್ವೇರ್ ವಿಧಾನದಲ್ಲಿ. 513×513 ಬಿಂದುಗಳ ಜಾಲರಿ. ಮೂಲೆಗಳಿಗೆ ಎತ್ತರ ಕೊಟ್ಟು, ನಡುವಿನ ಬಿಂದುವಿಗೆ ಸರಾಸರಿಯ ಜೊತೆ ಒಂಚೂರು ರ‍್ಯಾಂಡಮ್ ಏರಿಳಿತ ಸೇರಿಸುತ್ತಾ ಹೋಗುವುದು. ಗುಡ್ಡಗಳೇನೋ ಎದ್ದವು, ಆದರೆ ಮಡಚಿಟ್ಟ ಪಂಚೆ ಬಿಚ್ಚಿದ ಹಾಗೆ ಚೌಕ ಚೌಕ ಗೆರೆ. ಅದನ್ನು ಬಿಟ್ಟು, ನುಣುಪಾಗಿ ಏರಿಳಿಯುವ ರ‍್ಯಾಂಡಮ್ ಎತ್ತರಗಳನ್ನು ಕೊಡುವ ಪರ್ಲಿನ್ ನಾಯ್ಸ್ ಹಿಡಿದೆ. ಏಳು ಪದರ, ಪ್ರತಿ ಪದರದಲ್ಲೂ ವಿವರ ಎರಡರಷ್ಟು ಸಣ್ಣದು, ಎತ್ತರ ಅರ್ಧ.

ತೀರ ತೀರಾ ನುಣುಪಾಗಿತ್ತು. ಬ್ರಿಟನ್ನಿನ ಪಶ್ಚಿಮ ಕರಾವಳಿಯ ಫ್ರ್ಯಾಕ್ಟಲ್ ಆಯಾಮ (ಗೆರೆ ಎಷ್ಟು ಅಂಕುಡೊಂಕು ಎಂಬ ಅಳತೆ, ನೇರ ಗೆರೆಗೆ 1) ಸುಮಾರು 1.25, ದಕ್ಷಿಣ ಆಫ್ರಿಕಾದ್ದು 1.02 ಎಂದು ಗಣಿತಜ್ಞ ಮ್ಯಾಂಡೆಲ್‌ಬ್ರೋ 1967ರಲ್ಲೇ ಬರೆದಿದ್ದ. 1.25 ಬೇಕಾದರೆ ಪ್ರತಿ ಪದರದ ಎತ್ತರ ಹಿಂದಿನದರ 0.5 ಪಟ್ಟು ಅಲ್ಲ, ಸುಮಾರು 0.6 ಪಟ್ಟು ಇರಬೇಕು. ಆ ಒಂದು ಅಂಕಿ ಬದಲಿಸಿದ್ದೇ ತಡ, ಕೊಲ್ಲಿ, ನಡುಗಡ್ಡೆ, ಚಾಚಿದ ಮೂಗು ಎಲ್ಲ ಮೂಡಿದವು.

ಚಲನೆ ತರಲು ಹೋದಾಗ ಮಾತ್ರ ಸೋತೆ. ನಾಯ್ಸ್‌ಗೇ ಕಾಲದ ಅಳತೆ ಸೇರಿಸಿದ್ದೆ. ಒಲೆ ಮೇಲಿನ ರಾಗಿ ಹಿಟ್ಟಿನಂತೆ ನೆಲವೇ ತಕತಕ ಕುದಿಯಿತು!

ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬಂದಮೇಲೆ ನಮ್ಮ ಕಡೆಯ ಒಣ ಕೆರೆ ತುಂಬುವುದನ್ನು ನೋಡಿದ್ದು ಆಗ ನೆನಪಾಯಿತು. ಜಾಲಿ ಗಿಡಗಳ ನಡುವೆ ನೀರು ಬೆರಳು ಚಾಚಿ ನುಗ್ಗುತ್ತಿತ್ತು, ದಿಬ್ಬಗಳು ದ್ವೀಪವಾಗಿ ಆಮೇಲೆ ಮುಳುಗುತ್ತಿದ್ದವು. ನೆಲ ಇದ್ದಲ್ಲೇ ಇತ್ತು! ನಾನೂ ನೆಲ ಮುಟ್ಟದೆ, ನೀರಿನ ಮಟ್ಟ ಎಂಬ ಒಂದೇ ಸಂಖ್ಯೆಯನ್ನು ಸೈನ್ ಅಲೆಯಂತೆ ಏರಿಸಿ ಇಳಿಸಿದೆ. ಸೆಕೆಂಡಿಗೆ 24ರಂತೆ 240 ಫ್ರೇಮ್. 170ರ ಹತ್ತಿರ ಕರೆಂಟ್ ಹೋಯಿತು. ಫ್ರೇಮುಗಳನ್ನು ಬಿಡಿಬಿಡಿಯಾಗಿ ಸೇವ್ ಮಾಡಿದ್ದೇ ಪುಣ್ಯ.

ಅಷ್ಟಾದರೂ ಅದು ನಾರ್ವೆಯಂತಿತ್ತು, ಮರವಂತೆಯಂತಲ್ಲ. ಫ್ರ್ಯಾಕ್ಟಲ್‌ಗೆ ಎಲ್ಲ ಎತ್ತರವೂ ಒಂದೇ ಒರಟು. ಅಲೆ ಸವೆಸಿ ಮರಳು ಹಾಸಿದ್ದು ಅದಕ್ಕೇನು ಗೊತ್ತು? ನೀರಿನಂಚಿನ ಒಂದು ಪಟ್ಟಿಯಲ್ಲಿ ಎತ್ತರಗಳನ್ನು ಚಪ್ಪಟೆ ಮಾಡಿದೆ. ಮೊದಲು ಪಟ್ಟಿಯನ್ನು ಏರಿಳಿಯುವ ನೀರಿಗೇ ಕಟ್ಟಿದ್ದರಿಂದ ನೆಲ ಮತ್ತೆ ಅಲುಗಿತು. ಸರಾಸರಿ ಮಟ್ಟಕ್ಕೆ ಕಟ್ಟಿದ ಮೇಲೆ ಮರಳ ದಂಡೆ ನಿಂತಿತು.

ನೊರೆಯ ಗೆರೆ ಇನ್ನೂ ಕೈಗೆ ಬಂದಿಲ್ಲ. ಸಪಾಟು ದಂಡೆಯಲ್ಲಿ ರಂಗೋಲಿ ಪುಡಿ ಚೆಲ್ಲಿದಷ್ಟು ದಪ್ಪ, ಬಂಡೆಯ ಹತ್ತಿರ ಮಾಯ. ನೀರಿಗೂ ನೆಲಕ್ಕೂ ಇರುವ ಎತ್ತರದ ಅಂತರವನ್ನು ಇಳಿಜಾರಿನಿಂದ ಭಾಗಿಸಿ ನೋಡಬೇಕು.