ಖಾರ್ಕಿವ್‌ನಿಂದ ನಡೆದೇ ಹೊರಬಿದ್ದೆವು

ಉಕ್ರೇನಿನ ಖಾರ್ಕಿವ್ ನಗರದಿಂದ ರಷ್ಯಾ ಗಡಿಗೆ ಸುಮಾರು 40 ಕಿಲೋಮೀಟರ್. ಬೆಂಗಳೂರಿಗೆ ರಾಮನಗರ ಇದಕ್ಕಿಂತ ದೂರ. ಅಲ್ಲಿ ಮೆಡಿಕಲ್ ಸೀಟು ಸಿಕ್ಕಿದ ಖುಷಿಯಲ್ಲಿ ಮ್ಯಾಪ್ ನೋಡಿದವರು ಯಾರು?

ರಷ್ಯಾ ದಾಳಿ ಶುರುವಾದ 2022ರ ಫೆಬ್ರುವರಿ 24ರ ಬೆಳಗಿನ ಜಾವ ಕಿಟಕಿ ಗಾಜು ಅದುರಿದ್ದಕ್ಕೆ ಎಚ್ಚರವಾಯಿತು. ಸಂಜೆಯೊಳಗೆ ಮೆಟ್ರೋ ನಿಲ್ದಾಣ ಸೇರಿದ್ದೆವು. ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿದ್ದ ರೈಲಿನ ಸೀಟೇ ಹಾಸಿಗೆ. ಎರಡು ದಿನಕ್ಕೆ ಕಿವಿ ಪಳಗಿತು. ಇಲ್ಲಿಂದ ಹೋಗುವ ಶೆಲ್ ಸುಮ್ನೆ ಧಡ್ ಅನ್ನುತ್ತದೆ. ಅಲ್ಲಿಂದ ಬರುವುದು ಸುಂಯ್ ಅಂತ ಸೀಳಿಕೊಂಡು ಬರುತ್ತದೆ. ಸುಂಯ್ ಕೇಳಿಸಿದರೆ ಇದ್ದಲ್ಲೇ ಮಲಗಬೇಕು, ಅಷ್ಟೇ.

27ಕ್ಕೆ ರಷ್ಯಾದ ಸೈನಿಕರು ಹಗುರ ವಾಹನಗಳಲ್ಲಿ ನಗರದೊಳಗೇ ನುಗ್ಗಿದರು. ಬೀದಿ ಕಾಳಗ ನಡೆಯಿತು. ಸಂಜೆಗೆ ಉಕ್ರೇನಿನವರು ಅವರನ್ನು ಓಡಿಸಿದ್ದರು. ಇನ್ನು ಮುಗಿಯಿತು ಅಂದುಕೊಂಡೆವು. ತಪ್ಪು ಲೆಕ್ಕ. ಊರು ಕೈಗೆ ಸಿಗದ ಮೇಲೆ ದೂರದಿಂದ ಹೊಡೆಯುವುದು ಜಾಸ್ತಿಯಾಯಿತು. ಮಾರ್ಚ್ 1ರ ಬೆಳಿಗ್ಗೆ ಸ್ವೊಬೊಡಿ ಚೌಕದ ಆಡಳಿತ ಕಟ್ಟಡಕ್ಕೆ ಕ್ಷಿಪಣಿ ಬಿತ್ತು. ಅವತ್ತೇ ದಿನಸಿಗೆ ಹೋಗಿದ್ದ ನಮ್ಮ ಹಾವೇರಿ ಜಿಲ್ಲೆಯ ಹುಡುಗ ಶೆಲ್ ದಾಳಿಯಲ್ಲಿ ತೀರಿಕೊಂಡ. ಹಿಂದಿನ ದಿನ ನಾವೂ ಹಾಗೇ ಬ್ರೆಡ್‌ಗೆ ಸಾಲು ನಿಂತು ಬಂದವರೇ.

2ರಂದು ಭಾರತದ ರಾಯಭಾರ ಕಚೇರಿಯ ಸೂಚನೆ ಬಂತು. ಸಂಜೆ 6ರೊಳಗೆ ನಗರದ ಹೊರಗಿನ ಊರುಗಳಾದ ಪಿಸೋಚಿನ್, ಬಾಬೈ ಇಲ್ಲವೇ ಬೆಜ್ಲುದೊವ್ಕಾ ಸೇರಿ, ವಾಹನ ಸಿಗದಿದ್ದರೆ ನಡೆದೇ ಹೋಗಿ. ಆಗ ನಾವು ರೈಲು ನಿಲ್ದಾಣದಲ್ಲಿದ್ದೆವು. ಹೆಂಗಸರು, ಮಕ್ಕಳಿಗೆ ಮೊದಲು ಜಾಗ. ನಮ್ಮ ಸರದಿ ಬರುವ ಲಕ್ಷಣವಿರಲಿಲ್ಲ. ಮೂರರಲ್ಲಿ ಪಿಸೋಚಿನ್ ಹತ್ತಿರ, 11 ಕಿಲೋಮೀಟರ್.

ಬ್ಯಾಗನ್ನು ಅಲ್ಲೇ ನೆಲಕ್ಕೆ ಸುರಿದೆ. ಪಾಸ್‌ಪೋರ್ಟ್, ಪವರ್ ಬ್ಯಾಂಕ್, ನೀರು, ಒಂದು ಜೊತೆ ಸಾಕ್ಸ್ ಇಟ್ಟುಕೊಂಡೆ. ಅನಾಟಮಿ ಪುಸ್ತಕ ಬಿಟ್ಟೆ. ಅಮ್ಮ ಕೊಟ್ಟ ಉಪ್ಪಿನಕಾಯಿ ಬಾಟಲಿ ಬಿಡಲು ಮನಸ್ಸಾಗಲಿಲ್ಲ. ನಾವು ಐದು ಜನ. ಒಂದೇ ಫೋನ್ ಆನ್, ಉಳಿದವು ಆಫ್. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಂಡಿದ್ದೆವು, ಅದೇ ಕಾಪಾಡಿತು. ಕಾಗದದಲ್ಲಿ ಬರೆದ ತ್ರಿವರ್ಣ ಧ್ವಜ ಮುಂದಿದ್ದವನ ಎದೆಗೆ. ಚೆಕ್‌ಪೋಸ್ಟ್ ಕಂಡರೆ ಕೈ ಜೇಬಿಂದ ಹೊರಗೆ, ಫೋನ್ ಒಳಗೆ. ಒಬ್ಬ ಫೋಟೊ ತೆಗೆಯಲು ಹೋದ. ಸೈನಿಕ ಬಂದೂಕು ಎತ್ತಿದ. ನಾನೇ ಅವನ ಕೈ ಹಿಡಿದು ಕೆಳಗೆಳೆದೆ. ಆಮೇಲೆ ಯಾರೂ ಮಾತಾಡಲಿಲ್ಲ, ಹಿಮದ ಮೇಲೆ ಶೂ ಸದ್ದು ಮಾತ್ರ.

ಪಿಸೋಚಿನ್‌ಗೆ ಬಸ್ ಬಂದದ್ದು 5ರಂದು. ಅಲ್ಲಿಯ ತನಕ ಬ್ರೆಡ್ಡು, ಉಪ್ಪಿನಕಾಯಿ. ಹೊತ್ತಿಗೆ ಒಬ್ಬರಿಗೆ ಒಂದೇ ಹೋಳು. ಎಣಿಸಿ ಕೊಡುವ ಕೆಲಸ ನನ್ನದು.